ಹೆಸರಿಲ್ಲದ ಜಟಕಾ ಕುದುರೆ

ಚೈತ್ರ ಹುಣ್ಣಿಮೆಯ ರಾತ್ರಿ ಬೆಂಗಳೂರಿನ ಕರಗ ಧರ್ಮರಾಯನ ಗುಡಿಯಿಂದ ಹೊರಟು, ಪೇಟೆಯ ಬೀದಿಗಳನ್ನೆಲ್ಲ ಸುತ್ತುತ್ತ ಬೆಳಗಿನ ಜಾವದ ಹೊತ್ತಿಗೆ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬಂದು ಹೋಗುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಷ್ಟಾಗಿ ಗೊತ್ತಿಲ್ಲದ್ದು ಮಸ್ತಾನರ ಪೂರ್ವಾಶ್ರಮದ ಕತೆ. ಪೇಟೆಯಲ್ಲಿ ನಡೆದುಬಂದ ಪ್ರತೀತಿಯ ಪ್ರಕಾರ ಅವರು ಈ ಊರಿಗೆ ಬಂದದ್ದು ಕುದುರೆ ಮಾರಲಿಕ್ಕೆ. ಹೈದರ್ ಅಲಿಯ ಕಾಲ. ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸುವ ಕೆಲಸ ನಡೆದಿತ್ತು. ಕುದುರೆ ವ್ಯಾಪಾರಿ ಕಲ್ಲು ಹೊರುವ ಕೂಲಿಯಾದರು, ಆದರೆ ಕೂಲಿಯ ಹಣ ಮುಟ್ಟಲಿಲ್ಲ, ಕೊನೆಗೆ ಸಂತರಾದರು ಎನ್ನುತ್ತದೆ ಕತೆ.

ಸಂತರ ಹೆಸರು ಉಳಿಯಿತು. ಗುಡಿಯ ಕರಗವೂ ಅವರ ಬಾಗಿಲಿಗೆ ಬರುವಷ್ಟು ಉಳಿಯಿತು. ಆದರೆ ಅದೇ ಕಾಟನ್‌ಪೇಟೆಯ ಬೀದಿಯಲ್ಲಿ ಮುಂದೆ ತಲೆಮಾರುಗಟ್ಟಲೆ ಓಡಾಡಿದ ಕುದುರೆಗಳ ವಿಷಯ? ರೈಲ್ವೆ ನಿಲ್ದಾಣದಿಂದ ಪೆಟ್ಟಿಗೆ, ಹಾಸಿಗೆ ಸುರುಳಿ, ಹಣ್ಣಿನ ಬುಟ್ಟಿ, ಅಜ್ಜಿ, ಮೊಮ್ಮಕ್ಕಳು ಎಲ್ಲರನ್ನೂ ಹೇರಿಕೊಂಡು ಚಾಮರಾಜಪೇಟೆಗೂ ಬಸವನಗುಡಿಗೂ ಕುಲುಕಾಡುತ್ತ ಹೋಗುತ್ತಿದ್ದ ಜಟಕಾ ಕುದುರೆ ಯಾವ ತಳಿಯದು ಎಂದು ಕೇಳಿದರೆ ಉತ್ತರವಿಲ್ಲ. ಯಾರೂ ಕೇಳಿಯೂ ಇರಲಿಲ್ಲ. ಅದು ಬರೀ ಜಟಕಾ ಕುದುರೆ. ಸ್ವಲ್ಪ ಗೌರವದಿಂದ ಹೇಳುವುದಾದರೆ ತಟ್ಟು.

ಬೆಂಗಳೂರಿನಿಂದ ಮೈಸೂರಿನ ಕಡೆಗೆ ರೈಲು ಓಡತೊಡಗಿದ್ದು 1880ರ ದಶಕದಲ್ಲಿ. ಚಾಮರಾಜಪೇಟೆ ಬಡಾವಣೆಯಾದದ್ದು 1892ರಲ್ಲಿ. ಆರು ವರ್ಷಗಳ ನಂತರ, 1898ರಲ್ಲಿ, ಪ್ಲೇಗು ಬಂತು. ಜನ ಇಕ್ಕಟ್ಟಿನ ಪೇಟೆ ಬಿಟ್ಟು ಹೊರಗೆ ಹೋಗಲೆಂದು ಬಸವನಗುಡಿ, ಮಲ್ಲೇಶ್ವರಗಳನ್ನು ಬೆಳೆಸಲಾಯಿತು. ಮನೆ ಒಂದು ಕಡೆ, ಅಂಗಡಿ, ಕಚೇರಿ, ಮಾರುಕಟ್ಟೆ ಇನ್ನೊಂದು ಕಡೆ ಆಯಿತು. ನಡೆದು ಹೋಗಲು ದೂರ, ಎತ್ತಿನ ಗಾಡಿ ಕಟ್ಟಲು ಹತ್ತಿರ. ಈ ನಡುವಿನ ದೂರವೇ ಜಟಕಾದ ರಾಜ್ಯ. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯ 98 ಬಸ್ಸುಗಳು ಬರುವ ತನಕ ಊರಿನ ಸಾಧಾರಣ ಸಂಸಾರಸ್ಥನಿಗೆ ಬೇರೆ ದಾರಿ ಹೆಚ್ಚಿರಲಿಲ್ಲ.

ಜಟಕಾ ಎಂಬ ಮಾತಿಗೆ ದಖ್ಖನೀ ಭಾಷೆಯಲ್ಲಿ 'ಬೇಗ' ಎಂಬ ಅರ್ಥವನ್ನು ಬ್ರಿಟಿಷರ ಕಾಲದ ನಿಘಂಟು ಹಾಬ್ಸನ್-ಜಾಬ್ಸನ್ ಕೊಡುತ್ತದೆ. ಅದರಲ್ಲಿ ಕೂತು ಹೋದವರಿಗೆ ಮಾತ್ರ ಆ ಪದದ ಇನ್ನೊಂದು ಅರ್ಥವೇ, ಅಂದರೆ ಕುಲುಕಾಟವೇ, ಹೆಚ್ಚು ಸರಿಯೆನಿಸಿರಬೇಕು. ಎರಡು ಗಾಲಿ, ಕಮಾನಿನ ಚಾವಣಿ, ಹಿಂದೆ ಹತ್ತಲು ಒಂದು ಕಬ್ಬಿಣದ ಮೆಟ್ಟಿಲು. ಒಳಗೆ ಹಸಿ ಹುಲ್ಲು ಹರವಿ ಮೇಲೆ ಚಾಪೆ ಹಾಸಿದರೆ ಅದೇ ಮೆತ್ತೆ. ಕಾಲು ಮಡಿಸಿ ಕೂರಬೇಕು. ಎರಡೇ ಗಾಲಿಯ ಗಾಡಿಯಾದ್ದರಿಂದ ಭಾರದ ಲೆಕ್ಕ ತಪ್ಪುವಂತಿಲ್ಲ. ಹಿಂದೆ ಭಾರವಾದರೆ ಮುಂದಿನ ಕೋಲುಗಳು ಮೇಲೆದ್ದು ಹೊಟ್ಟೆಪಟ್ಟಿ ಕುದುರೆಯನ್ನು ಎತ್ತಿಹಿಡಿಯುತ್ತದೆ. ಮುಂದೆ ಭಾರವಾದರೆ ಬೆನ್ನಿನ ಮೇಲೆ ಬೀಳುತ್ತದೆ. ಅದಕ್ಕೇ ಸಾಬರ ಮೊದಲ ಮಾತು ಯಾವಾಗಲೂ ಒಂದೇ: "ಸ್ವಲ್ಪ ಮುಂದಕ್ಕೆ ಸರೀರಿ ಅಮ್ಮಾವ್ರೇ, ಹಿಂದೆ ಜಾಸ್ತಿ ಆಯ್ತು." ತೂಕ ಸರಿಹೋದ ಮೇಲೆಯೇ ಲಗಾಮು ಅಲುಗಾಡುತ್ತಿತ್ತು.

ಮೆತ್ತೆಯ ಹುಲ್ಲು ಸವಾರರ ಸುಖಕ್ಕೆ ಎಂದು ತಿಳಿದವರು ಮೋಸಹೋದರು. ಅದು ಕುದುರೆಯ ಬುತ್ತಿ. ಹಸುವಿನ ಹಾಗೆ ಒಮ್ಮೆಲೇ ಮೇದು ಆಮೇಲೆ ಮಲಗಿ ಮೆಲುಕು ಹಾಕುವ ಸೌಲಭ್ಯ ಕುದುರೆಗಿಲ್ಲ. ಅದರ ಮೈಗೆ ಹೋಲಿಸಿದರೆ ಜಠರ ಬಹಳ ಚಿಕ್ಕದು. ದಿನವಿಡೀ ಸ್ವಲ್ಪ ಸ್ವಲ್ಪ ತಿನ್ನುತ್ತಲೇ ಇರಬೇಕು. ಹಸಿದಿದೆಯೆಂದು ಒಂದೇ ಸಲ ಬಾನಿ ತುಂಬ ಕಾಳು ಸುರಿದರೆ ಹೊಟ್ಟೆನೋವು ಹಿಡಿಯುತ್ತದೆ. ವಾಂತಿ ಮಾಡಿ ಹೊರಹಾಕುವುದೂ ಅದರ ದೇಹಕ್ಕೆ ಸಾಧ್ಯವಿಲ್ಲ. ಮನುಷ್ಯನಿಗೆ ಒಂದು ಲೋಟ ಮಜ್ಜಿಗೆಯಲ್ಲಿ ಹೋಗುವ ಹೊಟ್ಟೆನೋವು ಕುದುರೆಯ ಪ್ರಾಣವನ್ನೇ ತೆಗೆಯಬಲ್ಲದು. ಆದ್ದರಿಂದಲೇ ಬಾಡಿಗೆ ಇಲ್ಲದ ಗಳಿಗೆಗಳಲ್ಲೆಲ್ಲ ಚಾಪೆ ಎತ್ತಿ ಒಂದು ಹಿಡಿ ಹುಲ್ಲು ಎಳೆದು ಮುಂದೆ ಹಾಕುತ್ತಿದ್ದರು. ಸಂಜೆಗೆ ಬೇಯಿಸಿದ ಹುರುಳಿ. ಈ ಹುರುಳಿಗೆ ಇಂಗ್ಲಿಷಿನವರು ಕುದುರೆಯ ಹೆಸರನ್ನೇ ಸೇರಿಸಿ ಕರೆದರು. ಕುದುರೆ ತಾನು ತಿಂದ ಕಾಳಿಗೆ ಹೆಸರು ಕೊಟ್ಟಿತು, ತನಗೆ ಮಾತ್ರ ಒಂದು ಹೆಸರು ಪಡೆಯಲಿಲ್ಲ.

ಇನ್ನು ಕಾಲು. ಗೊರಸು ನಮ್ಮ ಉಗುರಿನ ಹಾಗೆ ಬೆಳೆಯುತ್ತಲೇ ಇರುತ್ತದೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ಲಾಳ ಬಿಚ್ಚಿ, ಗೊರಸು ಕೆತ್ತಿ, ಮತ್ತೆ ಲಾಳ ಹೊಡೆಯಬೇಕು. ಮಣ್ಣಿನ ರಸ್ತೆಯಲ್ಲಿ ಚೆನ್ನಾಗಿ ಕಚ್ಚಿ ನಿಲ್ಲುತ್ತಿದ್ದ ಕಬ್ಬಿಣದ ಲಾಳ ಟಾರು ರಸ್ತೆಯ ಮೇಲೆ, ಅದೂ ಮೊದಲ ಮಳೆ ಬಿದ್ದ ದಿನ, ಜಾರುತ್ತದೆ. ನಗರ ಮುಂದುವರಿದಂತೆಲ್ಲ ಕುದುರೆಯ ಕಾಲಡಿಯ ನೆಲವೇ ಅದಕ್ಕೆ ವಿರುದ್ಧವಾಯಿತು. ಇಷ್ಟರ ನಡುವೆ ನಿಂತಲ್ಲೇ ಒಂದು ಕೋಳಿನಿದ್ದೆ. ಹಿಂಗಾಲಿನ ಕೀಲಿಗೆ ಬೀಗ ಹಾಕಿದಂತೆ ಮಾಡಿಕೊಂಡು ಕುದುರೆ ನಿಂತೇ ವಿಶ್ರಮಿಸಬಲ್ಲದು. ನಿಲ್ದಾಣದ ಮುಂದೆ ಒಂದು ಕಾಲು ಸಡಿಲ ಬಿಟ್ಟು, ಕಿವಿ ಜೋತುಬಿಟ್ಟು ನಿಂತ ಜಟಕಾ ಕುದುರೆಗಳನ್ನು ಕಂಡು ರೋಗಿಷ್ಠವೆಂದು ಮರುಗಿದವರುಂಟು. ಕೆಲವು ರೋಗಿಷ್ಠವೂ ಆಗಿದ್ದವು, ಸುಳ್ಳಲ್ಲ. ಬಡವನ ಮನೆಯ ಪ್ರಾಣಿ ಬಡವನಷ್ಟೇ ಉಣ್ಣುತ್ತದೆ.

ಕಾಟನ್‌ಪೇಟೆಯಿಂದ ರೇಸ್‌ಕೋರ್ಸು ಏನೂ ದೂರವಲ್ಲ. ಅಲ್ಲಿ ಓಡಿದ ಕುದುರೆಗಳ ಕತೆಯೇ ಬೇರೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ, ಹದಿನೆಂಟನೆಯ ಶತಮಾನದ ಮೊದಲಲ್ಲಿ ಪೂರ್ವದೇಶಗಳಿಂದ ಇಂಗ್ಲೆಂಡಿಗೆ ಹೋದ ಮೂರು ಗಂಡು ಕುದುರೆಗಳವರೆಗೂ ಅವುಗಳ ವಂಶಾವಳಿ ಸಿಗುತ್ತದೆ. ಇಂಗ್ಲೆಂಡಿನಲ್ಲಿ ಈ ಥರೋಬ್ರೆಡ್ ಕುದುರೆಗಳ ವಂಶಾವಳಿಯ ಪುಸ್ತಕ 1791ರಿಂದಲೇ ಅಚ್ಚಾಗುತ್ತ ಬಂದಿದೆ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಟಿಪ್ಪು ಸುಲ್ತಾನ್ ತನ್ನ ಅಶ್ವದಳಕ್ಕಾಗಿ ಆರಂಭಿಸಿದನೆನ್ನುವ ಕುಣಿಗಲ್‌ನ ಕುದುರೆ ಫಾರಂ ಕೂಡ ಮುಂದೆ ರೇಸಿನ ಕುದುರೆಗಳ ತವರಾಯಿತು. 1992ರಲ್ಲಿ ಸರ್ಕಾರ ಅದನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಟ್ಟಿತು. ಅಲ್ಲಿ ಹುಟ್ಟಿದ ಮರಿಗೆ ಮುತ್ತಾತನ ಮುತ್ತಾತನ ಹೆಸರು ಗೊತ್ತು. ಜಟಕಾ ಕುದುರೆಗೆ ತಾಯಿಯ ಹೆಸರೂ ಗೊತ್ತಿಲ್ಲ.

ಈ ಭೇದ ಹೊಸದೇನಲ್ಲ. ಕನ್ನಡ ನಾಡಿನ ಅರಸರಿಗೆ ಹೊರಗಿನ ಕುದುರೆಯ ಮೇಲೆ ಮೊದಲಿನಿಂದಲೂ ಮೋಹ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಚಾಳುಕ್ಯರ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಕುದುರೆಗಳನ್ನು ಅವುಗಳ ದೇಶದ ಮೇಲೆ ವಿಂಗಡಿಸಿದ್ದಾನೆ. ಸುಮಾರು 1400ರಲ್ಲಿ ಅಭಿನವಚಂದ್ರ ಕನ್ನಡದಲ್ಲಿಯೇ ಅಶ್ವವೈದ್ಯ ಬರೆದ. ಅಂದರೆ ಕುದುರೆಯ ತಿಳಿವಳಿಕೆ ಇಲ್ಲಿ ಇರಲಿಲ್ಲವೆಂದಲ್ಲ. ಆದರೂ ಯುದ್ಧಕ್ಕೆ ಬೇಕಾದ ಎತ್ತರದ ಕುದುರೆ ಮಾತ್ರ ಅರಬ್ಬೀ ಸಮುದ್ರ ದಾಟಿಯೇ ಬರಬೇಕಿತ್ತು. ಭಟ್ಕಳ, ಹೊನ್ನಾವರದ ರೇವುಗಳಲ್ಲಿ ಇಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋಗಬೇಕಿತ್ತು. ಹದಿನಾರನೆಯ ಶತಮಾನದ ಪೋರ್ಚುಗೀಸ್ ವ್ಯಾಪಾರಿ ಫೆರ್ನಾವ್ ನೂನಿಸ್ ಬರೆದಿಟ್ಟಿರುವ ಒಂದು ಸಂಗತಿ ಸ್ವಾರಸ್ಯವಾಗಿದೆ. ಸಾಳುವ ನರಸಿಂಹನ ಕಾಲದಲ್ಲಿ ಹಡಗಿನಲ್ಲೇ ಸತ್ತುಹೋದ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಸಾಕಿತ್ತಂತೆ. ಜೀವಂತ ಕುದುರೆಯ ಬೆಲೆಯೇ ಕೈಗೆ ಬರುತ್ತಿತ್ತು. ವ್ಯಾಪಾರಿ ಇನ್ನೊಂದು ಊರಿಗೆ, ಇನ್ನೊಬ್ಬ ದೊರೆಯ ಬಳಿಗೆ ಹೋಗದಿರಲೆಂದು ಸತ್ತ ಕುದುರೆಗೂ ದುಡ್ಡು!

ಅದೇ ನೂನಿಸ್, ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನೆಂದು ಹೇಳುವಾಗ ಹೊರ್ಮುಜ್‌ನಿಂದ ಬಂದವುಗಳ ಜೊತೆಗೆ ನಾಡಿನಲ್ಲೇ ಹುಟ್ಟಿದ ಕುದುರೆಗಳನ್ನೂ ಸೇರಿಸುತ್ತಾನೆ. ಒಳ್ಳೆಯವು ಅರಸನ ಲಾಯಕ್ಕೆ, ಮಿಕ್ಕವು ದಂಡನಾಯಕರಿಗೆ. ಈ ನಾಡ ಕುದುರೆಯ ಬಗ್ಗೆ ಇರುವುದು ಹೀಗೆ ಜೊತೆಗೆ ಸೇರಿಸಿ ಹೇಳಿದ ಒಂದು ಮಾತು ಮಾತ್ರ.

ನಾಡ ಕುದುರೆಗೆ ಒಂದು ಹೆಸರು ಸಿಕ್ಕಿದ್ದು ಇನ್ನೂ ಉತ್ತರದಲ್ಲಿ, ಭೀಮಾ ನದಿಯ ದಂಡೆಯಲ್ಲಿ. ಪುಣೆಯ ಆಸುಪಾಸಿನ ಬಯಲುಗಳಲ್ಲಿ ಸಾಕಿದ ಕುದುರೆಗೆ ಮರಾಠಿಯಲ್ಲಿ ಭೀಮಥಡಿ ಎಂದು ಹೆಸರು. ಥಡಿ ಎಂದರೆ ನಮ್ಮ ತಡಿಯೇ. ಅಂದರೆ ಭೀಮೆಯ ತಡಿಯ ಕುದುರೆ. ಊರ ತಟ್ಟುವಿಗೆ ಅರಬ್ಬೀ, ತುರ್ಕಿ ಕುದುರೆಗಳ ರಕ್ತ ಬೆರೆತು ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ರೂಪುಗೊಂಡದ್ದೆಂದು ಹೇಳುತ್ತಾರೆ. ಮರಾಠರ ಅಶ್ವಸೈನ್ಯದ ಬೆನ್ನೆಲುಬು ಇದು. ಎತ್ತರ ನಾಲ್ಕು ಅಡಿಗಿಂತ ಕೊಂಚ ಮೇಲು. ರೇಸಿನ ಕುದುರೆಯ ಪಕ್ಕದಲ್ಲಿ ನಿಲ್ಲಿಸಿದರೆ ಅದರ ಹೆಗಲಿಗೂ ಬರುವುದಿಲ್ಲ. ಆದರೆ ಗುಡ್ಡ ಹತ್ತುತ್ತದೆ, ಒಣ ಹುಲ್ಲು ತಿಂದು ಬದುಕುತ್ತದೆ, ಗೊರಸು ಗಟ್ಟಿ. ಸವಾರಿಗೂ ಸೈ, ಹೇರಿಗೂ ಸೈ. ಮೊಗಲರ ದೊಡ್ಡ ಕುದುರೆಗಳು ಮೇವಿಗಾಗಿ ಕಾದು ನಿಂತಿದ್ದಾಗ ಈ ಪುಟ್ಟ ಕುದುರೆಗಳು ಊರಾಚೆ ಹೋಗಿಬಿಟ್ಟಿರುತ್ತಿದ್ದವು. ಮಹಾರಾಷ್ಟ್ರ 2023ರಲ್ಲಿ ನಾಡಗೀತೆಯೆಂದು ಅಂಗೀಕರಿಸಿದ ಹಾಡಿನಲ್ಲಿಯೂ ಭೀಮಥಡಿಯ ತಟ್ಟುವಿನ ಹೆಸರು ಬರುತ್ತದೆ.

ಇದಕ್ಕೂ ಬೆಂಗಳೂರು ಪೇಟೆಗೂ ಏನು ನಂಟು ಎಂದು ಕೇಳಬಹುದು. ನಂಟಿನ ಹೆಸರು ಶಹಾಜಿ. 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಬೆಂಗಳೂರನ್ನು ಕೆಂಪೇಗೌಡರ ವಂಶದಿಂದ ಗೆದ್ದುಕೊಂಡ ಮೇಲೆ ಈ ಊರು ಶಹಾಜಿ ಭೋಸಲೆಗೆ ಜಹಗೀರಾಗಿ ಬಂತು. ಶಹಾಜಿಯ ಹಳೆಯ ಜಹಗೀರು ಪುಣೆ ಮತ್ತು ಸುಪೆ. ಭೀಮಥಡಿ ಕುದುರೆಯ ಸೀಮೆಯೇ ಅದು. ಅಲ್ಲಿಂದ ಅವನ ಜೊತೆ ಬಂದ ಸವಾರರು ನಡೆದು ಬರಲಿಲ್ಲ ಎಂಬುದಂತೂ ಖಂಡಿತ. ಅರ್ಧ ಶತಮಾನದಷ್ಟು ಕಾಲ ಮರಾಠಾ ಕುದುರೆಗಳು ಇಲ್ಲಿ ಮೇದವು. ಆಮೇಲೆ ಮೊಗಲರ ಕೈಯಿಂದ ಮೂರು ಲಕ್ಷ ರೂಪಾಯಿಗೆ ಊರು ಮೈಸೂರಿನ ಚಿಕ್ಕದೇವರಾಜ ಒಡೆಯರ ಪಾಲಾಯಿತು. ಊರನ್ನು ಕೊಂಡ ಬೆಲೆ ಪುಸ್ತಕದಲ್ಲಿದೆ. ಊರಲ್ಲಿ ಉಳಿದ ಕುದುರೆಗಳ ಲೆಕ್ಕ ಯಾರು ಇಡುತ್ತಾರೆ?

ಮುಂದೆ ಮೈಸೂರು ಸಂಸ್ಥಾನ 1807ರ ಒಪ್ಪಂದದಂತೆ ಇಂಗ್ಲಿಷರಿಗಾಗಿ 4,000 ಕುದುರೆ ಸವಾರರನ್ನು ಸಿದ್ಧವಾಗಿಡಬೇಕಾಯಿತು. ಇವರು ಬಹುತೇಕ ಸಿಲ್ಲೇದಾರರು. ಸಿಲ್ಲೇದಾರಿ ಎಂದರೆ ಕುದುರೆ ಸವಾರನದೇ, ಮೇವೂ ಅವನದೇ, ಸರ್ಕಾರ ಕೊಡುವುದು ಸಂಬಳ ಮಾತ್ರ. ಕುದುರೆ ಸತ್ತರೆ ಸವಾರನ ಬದುಕೂ ಮುಳುಗಿದಂತೆ. ಹೀಗಾಗಿ ಸಿಲ್ಲೇದಾರನಿಗೆ ಬೇಕಾದದ್ದು ಚೆಂದದ ಕುದುರೆಯಲ್ಲ, ಸುಲಭಕ್ಕೆ ಸಾಯದ ಕುದುರೆ. ಜಟಕಾದವನಿಗೆ ಬೇಕಾದದ್ದೂ ಅದೇ. ಒಬ್ಬನ ಕೈಯಲ್ಲಿ ಭರ್ಜಿ, ಇನ್ನೊಬ್ಬನ ಕೈಯಲ್ಲಿ ಚಾವಟಿ ಎಂಬುದಷ್ಟೇ ವ್ಯತ್ಯಾಸ.

ದಂಡಿನ ಕಡೆ ಬೇರೆ ಲೋಕ. ತೋಪು ಎಳೆಯಲು, ದೊರೆಗಳ ಸವಾರಿಗೆ ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ಮದ್ರಾಸಿಗೆ ಬರುತ್ತಿದ್ದ ಕುದುರೆಗಳು. ನ್ಯೂ ಸೌತ್ ವೇಲ್ಸ್‌ನಿಂದ ಬಂದದ್ದಕ್ಕೆ ವೇಲರ್ ಎಂದು ಹೆಸರು. 1896ರಲ್ಲಿ ಬೆಂಗಳೂರಿಗೆ ಬಂದ ತರುಣ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್‌ನ ದಳ ಪೋಲೋ ಆಟಕ್ಕೆಂದು ಪೂನಾ ಲೈಟ್ ಹಾರ್ಸ್ ದಳದ 25 ಕುದುರೆಗಳನ್ನು ಒಂದೇ ಗಂಟಿನಲ್ಲಿ ಕೊಂಡುಕೊಂಡಿತು. ಚರ್ಚಿಲ್ ಅದನ್ನು ತನ್ನ ಆತ್ಮಕತೆಯಲ್ಲಿ ಉತ್ಸಾಹದಿಂದ ಹೇಳಿಕೊಂಡಿದ್ದಾನೆ. ಆಟದ ಕುದುರೆಗೂ ಚರಿತ್ರೆಯಲ್ಲಿ ಒಂದು ಸಾಲು ಸಿಕ್ಕಿತು. ಯುದ್ಧದ ಕುದುರೆಗಂತೂ ಸ್ಮಾರಕವೇ ಉಂಟು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ದಳದ ನೆನಪಿನ ಕಂಬ ಜೆ.ಸಿ. ನಗರದಲ್ಲಿದೆ. ಜಟಕಾದ ಪಾಲಿಗೆ ಡಿ.ವಿ.ಜಿ.ಯವರ 'ಮಂಕುತಿಮ್ಮನ ಕಗ್ಗ'ದ ಒಂದು ಪದ್ಯವಾದರೂ ಉಳಿಯಿತು. ಆ ಪದ್ಯ ಎಷ್ಟು ಜನರ ಬಾಯಲ್ಲಿದೆಯೆಂದರೆ, ಇಂದು ಜಟಕಾವನ್ನೇ ನೋಡದ ಮಕ್ಕಳೂ ಅದನ್ನು ಒಪ್ಪಿಸುತ್ತಾರೆ.

1950ರ ಸುಮಾರಿಗೆ ಬೆಂಗಳೂರಿಗೆ ಆಟೋರಿಕ್ಷಾ ಬಂತು. ಅದಕ್ಕೆ ಮೇವು ಬೇಡ, ಲಾಳ ಬೇಡ, ನಿಂತಾಗ ಏನೂ ತಿನ್ನುವುದಿಲ್ಲ. ಬಾಡಿಗೆ ಇಲ್ಲದ ದಿನವೂ ಹೊಟ್ಟೆ ತುಂಬಿಸಬೇಕಾದ ಕುದುರೆ ಈ ಲೆಕ್ಕದ ಎದುರು ಸೋಲಲೇಬೇಕಿತ್ತು, ಸೋತಿತು. ಒಮ್ಮೆಗೇ ಅಲ್ಲ, ನಲವತ್ತು ವರ್ಷ ಎಳೆದಾಡಿ. ಮೊದಲು ಸಂಸಾರಸ್ಥರು ಇಳಿದರು. ಬಳಿಕ ಮಾರುಕಟ್ಟೆಯ ಮೂಟೆಗಳೂ ಟೆಂಪೋ ಹತ್ತಿದವು. ಈಗ ಪೇಟೆಯಲ್ಲಿ ಕುದುರೆ ಕಾಣುವುದು ಮದುವೆಯ ಮೆರವಣಿಗೆಯಲ್ಲಿ, ಬ್ಯಾಂಡಿನ ಮುಂದೆ, ಜರಿಯ ಬಟ್ಟೆ ಹೊದ್ದು. ಬಿಳಿಯದೇ ಆಗಬೇಕು, ಎತ್ತರವಾಗಿರಬೇಕು, ಫೋಟೋದಲ್ಲಿ ಚೆನ್ನಾಗಿ ಬರಬೇಕು. ಕಂದು ಬಣ್ಣದ ಗಿಡ್ಡ ತಟ್ಟುವನ್ನು ಯಾವ ವರನೂ ಕೇಳುವುದಿಲ್ಲ. ಮೈಸೂರಿನಲ್ಲಿ ಪ್ರವಾಸಿಗಳ ಪುಣ್ಯದಿಂದ ಒಂದಷ್ಟು ಟಾಂಗಾಗಳು ಉಳಿದವು. ಬೆಂಗಳೂರಿಗೆ ಆ ಪುಣ್ಯವೂ ಇರಲಿಲ್ಲ. ಇಡೀ ದೇಶದ ಲೆಕ್ಕ ನೋಡಿದರೂ 2012ರ ಜಾನುವಾರು ಗಣತಿಯಲ್ಲಿ 6.25 ಲಕ್ಷದಷ್ಟಿದ್ದ ಕುದುರೆ, ತಟ್ಟುಗಳು 2019ರ ಗಣತಿಯ ಹೊತ್ತಿಗೆ 3.4 ಲಕ್ಷಕ್ಕೆ ಇಳಿದಿದ್ದವು. ಏಳು ವರ್ಷದಲ್ಲಿ ಸರಿಸುಮಾರು ಅರ್ಧ!

ಇಷ್ಟಾದರೂ ಭೀಮಥಡಿ ಮುಗಿದಿರಲಿಲ್ಲ. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದಾಗ ಅದೂ ಮುಗಿಯಿತೆಂದು ಭಾವಿಸಿದವರೇ ಹೆಚ್ಚು. ಅದನ್ನು ಉಳಿಸಿಕೊಂಡವರು ರಾಜರಲ್ಲ, ಕುರಿ ಕಾಯುವವರು. ಧನಗರರು ದೀಪಾವಳಿ ಕಳೆಯುತ್ತಲೇ ಕುರಿಮಂದೆ ಹೊಡೆದುಕೊಂಡು ಕೊಂಕಣದ ಕಡೆ ಇಳಿಯುತ್ತಾರೆ, ಮಳೆಗಾಲಕ್ಕೆ ಮೊದಲು ಬಯಲಿಗೆ ಮರಳುತ್ತಾರೆ. ಗಂಡಸರು ಕುರಿಗಳ ಹಿಂದೆ. ಹೆಂಗಸರು ಕುದುರೆಗಳ ಹಗ್ಗ ಹಿಡಿದು ಮುಂದೆ ಹೋಗಿ ಮುಂದಿನ ಬಿಡಾರ ಹೂಡಬೇಕು. ಕುದುರೆಯ ಬೆನ್ನ ಮೇಲೆ ಪಾತ್ರೆ, ಕಂಬಳಿ, ಗುಡಾರದ ಗಳು, ಧಾನ್ಯದ ಚೀಲ. ಅದರ ಮೇಲೆ ನಿನ್ನೆ ಹುಟ್ಟಿದ ಕುರಿಮರಿ, ಕೋಳಿ, ನಡೆಯಲಾರದ ಮಗು. ಒಂದು ಮನೆಯೇ ನಾಲ್ಕು ಕಾಲಿನ ಮೇಲೆ ಹೋಗುತ್ತದೆ.

ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿಗೆ ಸೇರಿದ, ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ದೇಶದ ಜಾನುವಾರು ತಳಿಗಳನ್ನು ನೋಂದಾಯಿಸುತ್ತದೆ. ಮೈಯ ಅಳತೆ, ಬಣ್ಣ, ಸಂಖ್ಯೆ, ಸಾಕುವ ಜನ, ಸೀಮೆ ಎಲ್ಲವನ್ನೂ ದಾಖಲಿಸಿ ತೋರಿಸಿದ ಮೇಲೆ ತಳಿಗೊಂದು ಸಂಖ್ಯೆ ಸಿಗುತ್ತದೆ. ಕುದುರೆಯಲ್ಲಿ ಮಾರ್ವಾಡಿ, ಕಾಠಿಯಾವಾಡಿ, ಕಛ್ಛಿ-ಸಿಂಧಿ, ಸ್ಪಿತಿ, ಜಂಸ್ಕಾರಿ, ಭುಟಿಯಾ, ಮಣಿಪುರಿ ಹೀಗೆ ಏಳು ತಳಿಗಳು ಮಾತ್ರ ಇದ್ದವು. ಎಲ್ಲವೂ ಪಶ್ಚಿಮದ ಮರುಭೂಮಿ ಇಲ್ಲವೇ ಹಿಮಾಲಯ, ಈಶಾನ್ಯದ ಕಡೆಯವು. ದಖ್ಖನಿನದು ಒಂದೂ ಇರಲಿಲ್ಲ. 2024ರ ಹೊತ್ತಿಗೆ ಎಂಟನೆಯದಾಗಿ ಭೀಮಥಡಿ ಸೇರಿತು. ಪಟ್ಟಿಯಲ್ಲಿ ಹೆಸರಿದ್ದರೆ ತಳಿ ಉಳಿಸುವ ಯೋಜನೆಯಲ್ಲಿ ಪಾಲು ಕೇಳಬಹುದು, ಸಂತಾನಕ್ಕೆ ಒಳ್ಳೆಯ ಗಂಡು ಹುಡುಕಬಹುದು, ಜಾತ್ರೆಯಲ್ಲಿ ಬೆಲೆ ಹೇಳಬಹುದು. ಹೆಸರಿಲ್ಲದ್ದೆಲ್ಲ ಸರ್ಕಾರಿ ಭಾಷೆಯಲ್ಲಿ 'ನಾನ್‌ಡಿಸ್ಕ್ರಿಪ್ಟ್'. ಅಂದರೆ ಇಂಥದ್ದೆಂದು ಹೇಳಲು ಬಾರದ್ದು.

ನೋಂದಣಿಯಾದದ್ದು ಮಹಾರಾಷ್ಟ್ರದ ತಳಿಯೆಂದು. ಆದರೆ ಭೀಮೆ ಅಲ್ಲಿಗೇ ನಿಲ್ಲುವ ನದಿಯಲ್ಲ. ವಿಜಯಪುರ, ಕಲಬುರಗಿ ಜಿಲ್ಲೆಗಳನ್ನು ಹಾಯ್ದು ಕೃಷ್ಣೆಯನ್ನು ಸೇರುವ ತನಕ ಅದಕ್ಕೆ ಕನ್ನಡದ ತಡಿಯೂ ಉಂಟು. ಬೆಳಗಾವಿ ಜಿಲ್ಲೆಯ ಕುರುಬರೂ ಹೇರು ಕುದುರೆಗಳೊಂದಿಗೇ ಮಂದೆ ಹೊಡೆದುಕೊಂಡು ಹೊರಡುವವರು. ಅವರ ದೇವರು ಮೈಲಾರಲಿಂಗ, ಮರಾಠಿಗರ ಬಾಯಲ್ಲಿ ಖಂಡೋಬ, ಕುದುರೆಯ ಮೇಲೆಯೇ ಕೂತಿರುವವನು. ಗಡಿಯ ಮಂಗಸೂಳಿಯ ಗುಡಿಗೆ ಎರಡೂ ಭಾಷೆಯವರು ಭಂಡಾರ ಹಾರಿಸಿಕೊಂಡು ಬರುತ್ತಾರೆ. ಹಳ್ಳಿಕಾರ್, ಅಮೃತಮಹಲ್, ಮಲೆನಾಡು ಗಿಡ್ಡ ದನಗಳ ಹೆಸರು ಕರ್ನಾಟಕದ ಪಾಲಿಗೆ ಪಟ್ಟಿಯಲ್ಲಿದೆ. ಮುಧೋಳದ ನಾಯಿಗೆ 2005ರಲ್ಲಿ ಅಂಚೆ ಚೀಟಿಯೂ ಬಂತು. ಅದಕ್ಕೆ ಒಂದು ಸಂಸ್ಥಾನದ ರಾಜರ ಒಲವಿತ್ತು. ಕುರುಬರ ಕುದುರೆಗೆ ಕುರುಬರಷ್ಟೇ.

ದೀಪಾವಳಿ ಕಳೆದ ಮೇಲೆ ಚಿಕ್ಕೋಡಿ, ರಾಯಬಾಗದ ಸೀಮೆಯ ರಸ್ತೆಗಳಲ್ಲಿ ಈ ಮಂದೆಗಳು ಎದುರಾಗುವುದುಂಟು. ಬಸ್ಸು ನಿಧಾನಿಸುತ್ತದೆ, ಚಾಲಕ ಹಾರನ್ನು ಒತ್ತುತ್ತಾನೆ. ಕುರಿಗಳು ಚೆದರಿ ಮತ್ತೆ ಕೂಡಿಕೊಳ್ಳುತ್ತವೆ. ಕೊನೆಯಲ್ಲಿ ಎರಡು ಮೂರು ಗಿಡ್ಡ ಕುದುರೆಗಳು, ಬೆನ್ನ ಮೇಲೆ ಸಂಸಾರ, ಹಾರನ್ನಿಗೆ ಕಿವಿಯನ್ನೂ ನಿಮಿರಿಸದೆ ರಸ್ತೆಯ ಅಂಚಿನಲ್ಲೇ ಹೋಗುತ್ತಿರುತ್ತವೆ. ಬಣ್ಣ ಕಂದು. ಎತ್ತರ ನಾಲ್ಕು ಅಡಿಗಿಂತ ಕೊಂಚ ಮೇಲು.